ಪುಟಾಣಿಗಳ ಜೊತೆ ಹೋಟೆಲಿಗೆ ಹೊರಟಾಗ

ಹೋಟೆಲಿಗೆ ಹೋಗುವುದೆಂದರೆ ಬಹುಮಟ್ಟಿಗೆ ಗಂಡಸರ ಕೆಲಸ ಎಂಬ ಕಾಲವೊಂದಿತ್ತು. ಹೆಂಗಸರು, ಮಕ್ಕಳು ಬಂದರೆ ಕೂರಲು ಮರೆಯಲ್ಲೊಂದು ‘ಫ್ಯಾಮಿಲಿ ರೂಮ್’ ಇರುತ್ತಿತ್ತು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ, ಹೆಸರೇ ಹೇಳುವಂತೆ, ವಿದ್ಯಾರ್ಥಿಗಳಿಗಾಗಿ ಹುಟ್ಟಿಕೊಂಡ ಪುಟ್ಟ ಹೋಟೆಲು. ಈಗ ಭಾನುವಾರ ಬೆಳಿಗ್ಗೆ ಯಾವ ಊರಿನ ಹೋಟೆಲಿಗೆ ಹೋದರೂ ಅಜ್ಜ-ಅಜ್ಜಿಯಿಂದ ಹಿಡಿದು ಹಾಲುಗಲ್ಲದ ಕೂಸಿನವರೆಗೆ ಇಡೀ ಸಂಸಾರವೇ ಒಂದು ಮೇಜಿನ ಸುತ್ತ ಕುಳಿತಿರುತ್ತದೆ.

ಇದು ಸಂತೋಷದ ಸಂಗತಿಯೇ. ಆದರೆ ಹೋಟೆಲಿನ ಮೇಜು ದೊಡ್ಡವರ ಅಳತೆಗೆ ಮಾಡಿದ್ದು. ಅದರ ಮೇಲೆ ಬಂದು ಕೂರುವ ಕಾಫಿಯ ಬಿಸಿ, ತಿಂಡಿಯ ತುಂಡಿನ ಗಾತ್ರ, ಖಾರ ಎಲ್ಲವೂ ದೊಡ್ಡವರ ಅಳತೆಯವೇ. ಎರಡು-ಮೂರು ವರ್ಷದ ಮಗುವಿಗೆ ತೊಂದರೆ ಎದುರಾಗುವುದು ಈ ವ್ಯತ್ಯಾಸದಿಂದ. ಹೈಸ್ಕೂಲಿನ ವಿಜ್ಞಾನ ಪಾಠವನ್ನು ಸ್ವಲ್ಪ ನೆನಪಿಸಿಕೊಂಡರೆ ಇದರಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಬಿಸಿಯ ಲೆಕ್ಕ

60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. 70 ಡಿಗ್ರಿಯಾದರೆ ಒಂದೇ ಸೆಕೆಂಡು. ಮಕ್ಕಳ ಚರ್ಮ ಇನ್ನೂ ತೆಳು, ಆದ್ದರಿಂದ ಅವರಿಗೆ ಅಷ್ಟು ಹೊತ್ತೂ ಬೇಕಾಗದು. ಹಬೆಯಾಡುವ ಸಾಂಬಾರು, ಆಗತಾನೇ ಬೆರೆಸಿ ತಂದ ಕಾಫಿ ಇದಕ್ಕಿಂತ ತಣ್ಣಗಿರುವುದು ಅಪರೂಪ.

ಮಸಾಲೆ ದೋಸೆಯದು ಇನ್ನೊಂದು ಬಗೆ. ಹೊರಪದರ ತೆಳುವಾಗಿ, ಗರಿಗರಿಯಾಗಿರುವುದರಿಂದ ಬೇಗ ಆರುತ್ತದೆ. ಒಳಗಿನ ಆಲೂಗಡ್ಡೆ ಪಲ್ಯದಲ್ಲಿ ನೀರಿನಂಶ ಹೆಚ್ಚು. ನೀರಿನ ಉಷ್ಣಧಾರಣ ಶಕ್ತಿಯೂ ಹೆಚ್ಚು. ಹೊರಗೆ ಮುಟ್ಟಿ ನೋಡಿ ‘ಆರಿದೆ’ ಎಂದು ಕೊಟ್ಟರೆ ಮಗುವಿನ ನಾಲಿಗೆ ಸುಡುವುದು ಹೀಗೆ. ಬೋಂಡ, ಗೋಳಿಬಜೆಗಳದ್ದೂ ಇದೇ ಕಥೆ. ಮುರಿದು ಒಳಗನ್ನು ಮುಟ್ಟಿ ನೋಡಿಯೇ ಕೊಡಬೇಕು. ಲೋಟ-ದವರಾದಲ್ಲಿ ಕಾಫಿಯನ್ನು ಎತ್ತಿ ಹುಯ್ಯುವುದರಲ್ಲೂ ವಿಜ್ಞಾನವಿದೆ: ದ್ರವದ ಮೇಲ್ಮೈ ಹಿಗ್ಗಿ, ಗಾಳಿ ತಾಗಿ, ಆವಿಯಾಗುವಿಕೆ ಹೆಚ್ಚಿ ಬೇಗ ತಣಿಯುತ್ತದೆ. ಮಗುವಿನ ಹಾಲನ್ನೂ ಹೀಗೆಯೇ ಆರಿಸಿ ಕೊಡಬಹುದು.

ಬಿಸಿ ಪದಾರ್ಥಗಳನ್ನು ಮೇಜಿನ ನಡುವೆ, ಮಗುವಿನ ಕೈಗೆ ಎಟುಕದಂತೆ ಇಡಿಸಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಫಿ ಕುಡಿಯಬಾರದು. ಮಾಣಿ ಓಡಾಡುವ ದಾರಿಯ ಬದಿಗಿಂತ ಗೋಡೆಯ ಬದಿಯ ಜಾಗ ಮಗುವಿಗೆ ಒಳ್ಳೆಯದು. ಆದರೂ ಮೈಮೇಲೆ ಚೆಲ್ಲಿದರೆ ತಕ್ಷಣ ಬಟ್ಟೆ ಸರಿಸಿ, ಕೈತೊಳೆಯುವ ನಲ್ಲಿಯಡಿ 20 ನಿಮಿಷ ನೀರು ಹರಿಯಬಿಡಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಕಿತ್ತೆಳೆಯಬಾರದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಬಳಿಕ ವೈದ್ಯರಲ್ಲಿಗೆ ಹೋಗಬೇಕು.

ಗಂಟಲಿನ ಅಳತೆ

ಪುಟ್ಟ ಮಗುವಿನ ಶ್ವಾಸನಾಳ ಹೆಚ್ಚುಕಡಿಮೆ ಅದರದೇ ಕಿರುಬೆರಳಿನ ದಪ್ಪ. ಅರೆಯುವ ಹಾಲುಹಲ್ಲುಗಳು ಪೂರ್ತಿ ಬರಲು ಎರಡೂವರೆ ವರ್ಷವಾದರೂ ಬೇಕು. ಹಲ್ಲು ಬಂದಮೇಲೂ ಚೆನ್ನಾಗಿ ಅಗಿಯುವ ಅಭ್ಯಾಸ ಬರುವುದು ನಿಧಾನ. ಆದ್ದರಿಂದ ಚಿತ್ರಾನ್ನದ ಕಡಲೆಬೀಜ, ಉಪ್ಪಿಟ್ಟಿನ ಇಡೀ ಗೋಡಂಬಿ, ಫ್ರೂಟ್ ಸಲಾಡಿನ ಇಡೀ ದ್ರಾಕ್ಷಿ ಇವನ್ನು ಐದು ವರ್ಷದೊಳಗಿನ ಮಕ್ಕಳ ತಟ್ಟೆಯಿಂದ ತೆಗೆಯಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬಹುದು. ಬಿಲ್ಲಿನ ಜೊತೆ ಬರುವ ಸೋಂಪು, ಕಲ್ಲುಸಕ್ಕರೆಯ ಬಟ್ಟಲಿಗೆ ಮಕ್ಕಳು ಮೊದಲು ಕೈ ಹಾಕುವುದರಿಂದ ಅದರ ಮೇಲೂ ಕಣ್ಣಿರಬೇಕು. ತಿನ್ನುತ್ತಾ ಮೇಜುಗಳ ನಡುವೆ ಓಡುವುದಂತೂ ಸಲ್ಲದು.

ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲು, ಅಳಲು, ಉಸಿರಾಡಲು ಆಗದಿದ್ದರೆ ಮಾತ್ರ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಬೇಕು. ಅದರಿಂದ ಹೊರಬಾರದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಹಿಂದಿನಿಂದ ಬಳಸಿ ಹಿಡಿದು ಹೊಕ್ಕುಳಿನ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಬಾರದು. ಅದಕ್ಕೆ ಎದೆಯ ನಡುವಿನ ಮೂಳೆಯ ಮೇಲೆ ಒತ್ತಬೇಕು. ಬಾಯೊಳಗೆ ಕಾಣದ ವಸ್ತುವಿಗಾಗಿ ಬೆರಳಾಡಿಸಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಈ ನಡುವೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಬಣ್ಣ ಮತ್ತು ಹೊಗೆ

ಮಕ್ಕಳು ಮೆನು ಓದುವುದಿಲ್ಲ, ಪಕ್ಕದ ಮೇಜಿನ ಬಣ್ಣ ನೋಡಿ ಆರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಬಳಸುವ ಬಣ್ಣ. ಬ್ಯಾಡಗಿ ಮೆಣಸಿನಕಾಯಿ ಒಳ್ಳೆಯ ಕೆಂಪು ಕೊಡುತ್ತದೆ ನಿಜ, ಆದರೆ ಕಣ್ಣು ಕುಕ್ಕುವ ಕೆಂಪನ್ನಲ್ಲ.

ಬಾಯಿಂದ ಹೊಗೆ ಬಿಡಿಸುವ ಬಿಸ್ಕತ್ತಿನ ಆಟವನ್ನೂ ಮಕ್ಕಳಿಂದ ದೂರವಿಡಬೇಕು. ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ. ಅನಿಲವಾದಾಗ ಅದು ಸುಮಾರು 700 ಪಟ್ಟು ಹಿಗ್ಗುತ್ತದೆ. ಆವಿಯಾಗದೆ ಉಳಿದ ಸ್ವಲ್ಪ ದ್ರವ ಹೊಟ್ಟೆಗಿಳಿದರೂ ಜಠರವೇ ತೂತಾಗಬಹುದು.

ಗಡಿಯಾರವನ್ನೂ ನೋಡಬೇಕು

ಅನುಕೂಲಕರ ಉಷ್ಣತೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಗೆ 4,096 ಆಗುತ್ತದೆ. ಮಕ್ಕಳೇ ಗುಣಿಸಿ ನೋಡಬಹುದು. ತೇವವಿರುವ ಕಾಯಿಚಟ್ನಿ ಬೇಗ ಹಳಸುವುದು ಇದರಿಂದಲೇ. ಬೆಳಗಿನ ಚಟ್ನಿಯನ್ನು ಮಧ್ಯಾಹ್ನದವರೆಗೆ ಪೊಟ್ಟಣದಲ್ಲಿಟ್ಟುಕೊಂಡು ಪ್ರಯಾಣದಲ್ಲಿ ಮಗುವಿಗೆ ತಿನ್ನಿಸಬಾರದು. ಹೋಟೆಲಿನ ಗೋಡೆಯ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವ ಕೆಲಸವನ್ನು ಓದಲು ಬರುವ ಮಕ್ಕಳಿಗೆ ವಹಿಸಬಹುದು.

ಹಸಿದ ಮಗುವಿಗೆ ಕಾಯುವ ತಾಳ್ಮೆ ಇರುವುದಿಲ್ಲ. ನೂಕುನುಗ್ಗಲಿಗೆ ಮೊದಲೇ ಹೋಗಿ, ಬೇಗ ಬರುವ ಇಡ್ಲಿಯನ್ನು ಮೊದಲು ತರಿಸಿ, ಪಾಲು ಮಾಡಲು ಖಾಲಿ ತಟ್ಟೆ ಕೇಳಿದರೆ ಅರ್ಧ ರಂಪ ಕಡಿಮೆ. ಹೊಸ ತಿಂಡಿಯನ್ನು ಮಗು ಬೇಡವೆಂದರೆ ಗದರಬೇಕಿಲ್ಲ. ಎಂಟು-ಹತ್ತು ಸಲ ರುಚಿ ನೋಡಿದ ಮೇಲೆ ಒಗ್ಗಿಕೊಳ್ಳುವ ಮಕ್ಕಳೇ ಹೆಚ್ಚು. ಮನೆಯಲ್ಲಿ ಹೈಸ್ಕೂಲು ಓದುವ ಅಕ್ಕನೋ ಅಣ್ಣನೋ ಇದ್ದರೆ ಪುಟಾಣಿಯ ಪಕ್ಕ ಅವರನ್ನೇ ಕೂರಿಸಿ, ದೋಸೆಯ ಒಳಗನ್ನು ಮುಟ್ಟಿ ನೋಡುವ ಹೊಣೆ ಕೊಡಬಹುದು. ಉಷ್ಣದ ಪಾಠವೂ ಆಯಿತು, ತಮ್ಮ-ತಂಗಿಯ ಕಾವಲೂ ಆಯಿತು.