ಪರೀಕ್ಷೆಗೇ ಒಂದು ಪರೀಕ್ಷೆ

ಸಂತೆಯಲ್ಲಿ ಧಾನ್ಯವನ್ನು ಕೊಳ್ಳುವಾಗ ನಾವು ಮೊದಲು ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುತ್ತೇವೆ. ತೂಕದ ಬಟ್ಟುಗಳನ್ನು ಸರ್ಕಾರದವರು ಕಾಲಕಾಲಕ್ಕೆ ತನಿಖೆ ಮಾಡಿ ಮುದ್ರೆಯೊತ್ತುವುದೂ ನಮಗೆ ತಿಳಿದ ವಿಷಯವೇ. ಒಂದು ಕಿಲೋ ಅಕ್ಕಿಯ ವಿಷಯದಲ್ಲಿಯೇ ಇಷ್ಟು ಎಚ್ಚರಿಕೆ ಅವಶ್ಯವಾದರೆ, ಲಕ್ಷಾಂತರ ವಿದ್ಯಾರ್ಥಿಗಳ ಯೋಗ್ಯತೆಯನ್ನು ಒಂದೇ ಪ್ರಶ್ನಪತ್ರಿಕೆಯಿಂದ ಅಳೆಯುವ ಪರೀಕ್ಷೆಗಳ ವಿಷಯದಲ್ಲಿ ಇನ್ನೆಷ್ಟು ಎಚ್ಚರಿಕೆ ಬೇಕಾದೀತು!

ಎಲ್ಲರಿಗೂ ಅವೇ ಪ್ರಶ್ನೆಗಳು, ಅದೇ ಕಾಲಾವಧಿ, ಅದೇ ರೀತಿಯ ಮೌಲ್ಯಮಾಪನ—ಈ ನಿಯಮಗಳಿಗೆ ಒಳಪಟ್ಟ ಪರೀಕ್ಷೆಗೆ ಪ್ರಮಾಣೀಕೃತ ಪರೀಕ್ಷೆಯೆಂದು ಹೆಸರು. ಪ್ರಶ್ನೆಯು ಎಲ್ಲರಿಗೂ ಒಂದೇ ಆಗಿರುವಾಗ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಕಳೆದ ನೂರು ವರ್ಷಗಳ ಇತಿಹಾಸವು ಬೇರೊಂದು ಪಾಠವನ್ನು ಹೇಳುತ್ತದೆ.

ಬಲೆಯಿಲ್ಲದ ಟೆನಿಸ್ ಅಂಗಳ

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಎಂಬ ಮನೋವಿಜ್ಞಾನಿಯು ಥಿಯೊಡೋರ್ ಸಿಮೋನನೊಡನೆ ಸೇರಿ ಮಕ್ಕಳ ಬುದ್ಧಿಯನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ರಚಿಸಿದನು. ಪಾಠಗಳಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ, ಅವರಿಗೆ ವಿಶೇಷ ನೆರವನ್ನು ಒದಗಿಸುವುದೇ ಅವನ ಉದ್ದೇಶವಾಗಿತ್ತು. ಬುದ್ಧಿಯು ಹುಟ್ಟಿನಿಂದಲೇ ನಿಶ್ಚಿತವಾದದ್ದು, ಅದನ್ನು ಬೆಳೆಸಲಾಗದು ಎಂಬ ವಾದವನ್ನು ಅವನು ಬಲವಾಗಿ ವಿರೋಧಿಸಿದ್ದನು.

ಅವನ ವಿಧಾನ ಅಮೆರಿಕವನ್ನು ಸೇರಿದಮೇಲೆ ಈ ವಿವೇಕ ಹಿಂದೆ ಸರಿಯಿತು. 1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ, ರಾಬರ್ಟ್ ಯರ್ಕಿಸನ ನೇತೃತ್ವದಲ್ಲಿ ಮನೋವಿಜ್ಞಾನಿಗಳು ಸೈನ್ಯಕ್ಕಾಗಿ ಎರಡು ಪರೀಕ್ಷೆಗಳನ್ನು ಸಿದ್ಧಗೊಳಿಸಿದರು. ಇಂಗ್ಲಿಷನ್ನು ಓದಬಲ್ಲವರಿಗೆ ‘ಆಲ್ಫಾ’. ಓದಲಾರದವರಿಗೆ ಚಿತ್ರರೂಪದ ‘ಬೀಟಾ’. ಸುಮಾರು 17 ಲಕ್ಷ ಮಂದಿ ಈ ಪರೀಕ್ಷೆಗಳನ್ನು ಬರೆದರು.

ಆಲ್ಫಾದಲ್ಲಿ ಒಂದು ಅಡುಗೆಕೊಬ್ಬಿನ ವ್ಯಾಪಾರನಾಮವನ್ನು ಕೊಟ್ಟು, ಅದು ಔಷಧವೋ, ದಂತಮಂಜನವೋ, ಆಹಾರವೋ ಎಂದು ಕೇಳಲಾಗಿತ್ತು. ಬೀಟಾದ ಒಂದು ಭಾಗದಲ್ಲಿ 20 ಚಿತ್ರಗಳು. ಪ್ರತಿಯೊಂದರಲ್ಲಿಯೂ ಏನೋ ಒಂದು ಅಂಗ ಬಿಟ್ಟುಹೋಗಿರುತ್ತದೆ. ಅದನ್ನು ಗುರುತಿಸಿ ಬರೆಯಬೇಕು. ಕಾಲಾವಧಿ ಮೂರು ನಿಮಿಷ. ಒಂದು ಚಿತ್ರದಲ್ಲಿ ಟೆನಿಸ್ ಅಂಗಳಕ್ಕೆ ಬಲೆಯಿಲ್ಲ. ಇನ್ನೊಂದರಲ್ಲಿ ವಿದ್ಯುದ್ದೀಪದೊಳಗೆ ತಂತುವಿಲ್ಲ. ಮತ್ತೊಂದರಲ್ಲಿ ಗ್ರಾಮೊಫೋನಿಗೆ ಕಹಳೆಯಿಲ್ಲ. ದಕ್ಷಿಣ ಇಟಲಿಯ ಹಳ್ಳಿಯಿಂದ ಹೊಸದಾಗಿ ಬಂದಿಳಿದ ಒಬ್ಬ ಕೃಷಿಕನನ್ನು ಊಹಿಸಿಕೊಳ್ಳೋಣ. ಟೆನಿಸ್ ಆಟವನ್ನೇ ಕಂಡರಿಯದವನಿಗೆ ಅಲ್ಲಿ ಬಲೆಯಿರಬೇಕೆಂದು ಹೊಳೆಯುವುದು ಹೇಗೆ? ಅಕ್ಷರವನ್ನು ತೆಗೆದುಹಾಕಿದ ಮಾತ್ರಕ್ಕೆ ಪರೀಕ್ಷೆಯಿಂದ ಸಂಸ್ಕೃತಿಯನ್ನು ತೆಗೆದುಹಾಕಿದಂತಾಗಲಿಲ್ಲ.

ತಪ್ಪೊಪ್ಪಿಕೊಂಡ ವಿಜ್ಞಾನಿ

ಈ ಅಂಕಗಳನ್ನು ಆಧರಿಸಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಕಾರ್ಲ್ ಬ್ರಿಗಮ್ ಎಂಬುವನು 1923ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಯೂರೋಪಿನ ಕೆಲವು ಜನಾಂಗದವರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಮೆಯೆಂಬುದು ಅವನ ತೀರ್ಮಾನ. ಆದರೆ ಅವನ ಕೋಷ್ಟಕಗಳಲ್ಲಿಯೇ ಒಂದು ಸೋಜಿಗವಿತ್ತು: ವಲಸೆಗಾರರು ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಅವರ ಸರಾಸರಿ ಅಂಕ ಏರುತ್ತಿತ್ತು. ಹುಟ್ಟುಬುದ್ಧಿಯು ವಾಸದ ವರ್ಷಗಳೊಡನೆ ಬೆಳೆಯುವುದುಂಟೆ? ನೆಲದ ಭಾಷೆ ಮತ್ತು ಆಚಾರಗಳ ಪರಿಚಯವನ್ನೇ ಪರೀಕ್ಷೆಯು ಅಳೆಯುತ್ತಿದೆಯೆಂಬುದಕ್ಕೆ ಇದು ಸ್ಪಷ್ಟವಾದ ಸೂಚನೆ. ಬ್ರಿಗಮ್ ಇದನ್ನು ಕಂಡೂ, ಮೊದಲು ಬಂದ ವಲಸೆಗಾರರೇ ಹೆಚ್ಚು ಬುದ್ಧಿವಂತರೆಂದು ಅರ್ಥಮಾಡಿದನು.

1926ರಲ್ಲಿ ಕಾಲೇಜು ಪ್ರವೇಶಕ್ಕಾಗಿ ನಡೆದ ಮೊದಲ ‘ಎಸ್.ಎ.ಟಿ.’ ಪರೀಕ್ಷೆಯನ್ನು ರೂಪಿಸಿದವನೂ ಇವನೇ. ಆದರೆ ಅವನಲ್ಲಿ ವಿಜ್ಞಾನಿಗೆ ತಕ್ಕ ಪ್ರಾಮಾಣಿಕತೆಯೂ ಇತ್ತು. 1930ರಲ್ಲಿ ಅವನು ತನ್ನ ಹಿಂದಿನ ಜನಾಂಗೀಯ ತೀರ್ಮಾನಗಳಿಗೆ ಆಧಾರವಿಲ್ಲವೆಂದು ಬಹಿರಂಗವಾಗಿ ಬರೆದನು. ಅಷ್ಟರಲ್ಲಿ, 1924ರಲ್ಲಿಯೇ, ದಕ್ಷಿಣ ಹಾಗೂ ಪೂರ್ವ ಯೂರೋಪಿನವರ ವಲಸೆಯನ್ನು ಬಿಗಿಯಾಗಿ ತಡೆಯುವ ಕಾನೂನು ಜಾರಿಗೆ ಬಂದಾಗಿತ್ತು.

ಈ ಬಗೆಯ ಪ್ರಮಾದ ಆ ಕಾಲಕ್ಕೇ ಮುಗಿಯಲಿಲ್ಲ. ಕ್ಯಾಲಿಫೋರ್ನಿಯದ ಮಾಂಟೆರೆ ಪ್ರಾಂತದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು, ಇಂಗ್ಲಿಷಿನಲ್ಲಿ ನಡೆಸಿದ ಬುದ್ಧಿಪರೀಕ್ಷೆಯ ಆಧಾರದ ಮೇಲೆ, ಮಂದಬುದ್ಧಿಯವರ ತರಗತಿಗಳಿಗೆ ಸೇರಿಸಲಾಗಿತ್ತು. ಅವರಿಗೆ ಸ್ಪ್ಯಾನಿಷಿನಲ್ಲಿ ಮತ್ತೆ ಪರೀಕ್ಷೆ ನಡೆಸಿದಾಗ ಬಹುಮಂದಿ ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ತಿಳಿದುಬಂತು. ಮಕ್ಕಳಲ್ಲಿ ಕೊರತೆಯಿರಲಿಲ್ಲ, ಕೇಳಿದ ಭಾಷೆ ಅವರದಾಗಿರಲಿಲ್ಲ. ನ್ಯಾಯಾಲಯವನ್ನು ಮುಟ್ಟಿದ ಈ ವ್ಯಾಜ್ಯವು 1970ರಲ್ಲಿ ಒಪ್ಪಂದದಲ್ಲಿ ಮುಗಿದು, ಮಕ್ಕಳನ್ನು ಅವರ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂಬ ನಿಯಮಕ್ಕೆ ಎಡೆಯಾಯಿತು.

ಜ್ವರವೋ, ಜ್ವರಮಾಪಕದ ದೋಷವೋ?

ಇಲ್ಲಿ ಒಂದು ವಿಷಯದಲ್ಲಿ ವಾಚಕರು ಎಚ್ಚರದಿಂದಿರಬೇಕು. ಎರಡು ಗುಂಪುಗಳ ಸರಾಸರಿ ಅಂಕಗಳು ಬೇರೆಯಾದ ಮಾತ್ರಕ್ಕೆ ಪರೀಕ್ಷೆಯು ಪಕ್ಷಪಾತಿಯೆಂದು ಹೇಳಲಾಗದು. ಜ್ವರಮಾಪಕವು ಒಬ್ಬನಲ್ಲಿ 98 ಡಿಗ್ರಿಯನ್ನೂ ಇನ್ನೊಬ್ಬನಲ್ಲಿ 102 ಡಿಗ್ರಿಯನ್ನೂ ತೋರಿಸಿದರೆ, ಎರಡನೆಯವನಿಗೆ ನಿಜವಾಗಿಯೇ ಜ್ವರವಿದ್ದೀತು. ಹಾಗೆಯೇ ಪ್ರಯೋಗಶಾಲೆಯಿಲ್ಲದ, ಅಧ್ಯಾಪಕರ ಕೊರತೆಯಿರುವ ಶಾಲೆಯ ಮಕ್ಕಳಿಗೆ ಕಡಮೆ ಅಂಕ ಬಂದರೆ, ಅದು ಶಾಲೆಯ ಕೊರತೆಯನ್ನು ಸರಿಯಾಗಿಯೇ ತೋರಿಸುತ್ತಿರಬಹುದು. ಹಾಗಾದರೆ ಮಾಪಕದ ದೋಷವನ್ನು ಜ್ವರದಿಂದ ಬೇರ್ಪಡಿಸುವುದು ಹೇಗೆ?

ಇದಕ್ಕೆ ನೆರವು ದೊರೆತದ್ದು ಅನಿರೀಕ್ಷಿತವಾದ ಒಂದು ಮೂಲದಿಂದ. 1959ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೇಥನ್ ಮ್ಯಾಂಟೆಲ್ ಮತ್ತು ವಿಲಿಯಮ್ ಹೆನ್‌ಜೆಲ್ ಎಂಬ ಸಂಖ್ಯಾಶಾಸ್ತ್ರಜ್ಞರು ರೋಗಕಾರಣಗಳ ಅಧ್ಯಯನಕ್ಕಾಗಿ ಒಂದು ಗಣಿತವಿಧಾನವನ್ನು ಪ್ರಕಟಿಸಿದರು. ಹೋಲಿಸಬೇಕಾದವರನ್ನು ಮೊದಲು ವಯಸ್ಸು ಮುಂತಾದ ವಿಷಯಗಳಲ್ಲಿ ಸಮಾನರಾದ ಸಣ್ಣಸಣ್ಣ ಗುಂಪುಗಳಾಗಿ ವಿಂಗಡಿಸಿ, ಆಮೇಲೆ ಗುಂಪಿನೊಳಗೆ ಹೋಲಿಸಬೇಕೆಂಬುದು ಅದರ ತಿರುಳು. 1988ರಲ್ಲಿ ಪಾಲ್ ಹಾಲೆಂಡ್ ಮತ್ತು ಡಾರೊತಿ ಥೇಯರ್ ಇದನ್ನೇ ಪ್ರಶ್ನಪತ್ರಿಕೆಗಳಿಗೆ ಅನ್ವಯಿಸಿದರು.

ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ಒಂದು ಗಣಿತದ ಪರೀಕ್ಷೆಯಲ್ಲಿ ಒಟ್ಟು 60 ಅಂಕಗಳನ್ನೇ ಪಡೆದ ನೂರು ಮಂದಿ ಪಟ್ಟಣದ ವಿದ್ಯಾರ್ಥಿಗಳನ್ನೂ ನೂರು ಮಂದಿ ಹಳ್ಳಿಯ ವಿದ್ಯಾರ್ಥಿಗಳನ್ನೂ ಆರಿಸಿಕೊಂಡೆವೆಂದು ಭಾವಿಸೋಣ. ಒಟ್ಟಿನಲ್ಲಿ ಇವರು ಸಮಾನರು. ಆದರೆ ಮೆಟ್ರೋ ರೈಲಿನ ವೇಳಾಪಟ್ಟಿಯನ್ನು ಕುರಿತ ಒಂದು ಲೆಕ್ಕವನ್ನು ಪಟ್ಟಣದವರಲ್ಲಿ 80 ಮಂದಿಯೂ ಹಳ್ಳಿಯವರಲ್ಲಿ 50 ಮಂದಿ ಮಾತ್ರವೂ ಸರಿಯಾಗಿ ಮಾಡಿದರೆ, ಆ ಪ್ರಶ್ನೆಯ ಮೇಲೆ ಸಂದೇಹ ಪಡಬೇಕು. 40, 50, 70 ಅಂಕಗಳವರಲ್ಲಿಯೂ ಅದೇ ಅಂತರ ಕಂಡುಬಂದರೆ ಸಂದೇಹ ಬಲವಾಗುತ್ತದೆ. ಅಂಥ ಪ್ರಶ್ನೆಯನ್ನು ತಜ್ಞರು ಓದಿ, ಅದು ಗಣಿತವನ್ನು ಅಳೆಯುತ್ತದೆಯೋ ರೈಲಿನ ಪರಿಚಯವನ್ನೋ ಎಂದು ನಿರ್ಧರಿಸಿ, ಬೇಕಾದರೆ ಕೈಬಿಡುತ್ತಾರೆ.

ಈ ವಿಧಾನಕ್ಕೂ ಒಂದು ಮಿತಿಯುಂಟು. ಇಡೀ ಪತ್ರಿಕೆಯೇ ಒಂದು ಕಡೆಗೆ ವಾಲಿದ್ದರೆ, ಸಮಾನತೆಯನ್ನು ಗೊತ್ತುಪಡಿಸುವ ಒಟ್ಟು ಅಂಕವೂ ಅದೇ ಕಡೆಗೆ ವಾಲಿರುತ್ತದೆ; ಆಗ ಯಾವ ಒಂದು ಪ್ರಶ್ನೆಯೂ ಬೇರೆಯಾಗಿ ಎದ್ದು ಕಾಣದು. ಬಟ್ಟುಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಸವೆದಿದ್ದರೆ ಒಂದನ್ನು ಇನ್ನೊಂದರೊಡನೆ ತೂಗಿ ನೋಡಿದರೇನು ಫಲ?

ನಮ್ಮ ನಾಡಿನಲ್ಲಿ

ಬಹುಭಾಷೆಗಳ ನಮ್ಮ ದೇಶದಲ್ಲಿ ಈ ಸಮಸ್ಯೆ ಹೊಸದಲ್ಲ. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ನುಡಿಯುವ ಮಕ್ಕಳಿಗೆ ಹೊಂದುವಂತೆ ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿ, 1934ರಲ್ಲಿ ಆ ಕಾರ್ಯವನ್ನು ಪ್ರಕಟಿಸಿದರು. ಪದಕ್ಕೆ ಪದವನ್ನಿಟ್ಟರೆ ಪರೀಕ್ಷೆಯು ಕನ್ನಡದ್ದಾಗುವುದಿಲ್ಲ. ಪ್ರಶ್ನೆಗಳನ್ನು ಇಲ್ಲಿಯ ಮಕ್ಕಳ ಮೇಲೆಯೇ ಪ್ರಯೋಗಿಸಿ, ಯಾವ ವಯಸ್ಸಿಗೆ ಯಾವುದು ತಕ್ಕದ್ದೆಂದು ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಭಾಷಾಂತರದ ತೊಡಕು ಎಷ್ಟು ದೊಡ್ಡದೆಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. 2018ರ ತಮಿಳು ಪತ್ರಿಕೆಯ 180 ಪ್ರಶ್ನೆಗಳಲ್ಲಿ 49ರಲ್ಲಿ ಅನುವಾದದ ದೋಷಗಳಿವೆಯೆಂಬ ದೂರಿನ ಮೇಲೆ, ಮದರಾಸು ಉಚ್ಚ ನ್ಯಾಯಾಲಯದ ಮಧುರೆ ಪೀಠವು ಆ ಅಭ್ಯರ್ಥಿಗಳಿಗೆ 196 ಅಂಕಗಳನ್ನು ಕೊಡುವಂತೆ ಆಜ್ಞಾಪಿಸಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆ ಆಜ್ಞೆಯನ್ನು ರದ್ದುಪಡಿಸಿತು. ಎಲ್ಲರಿಗೂ ಸಮವಾಗಿ ಅಂಕ ಹಂಚಿದರೆ, ಆ ಪ್ರಶ್ನೆಗಳನ್ನು ಮುಟ್ಟದವನಿಗೂ ಲಾಭ. ಹಂಚದಿದ್ದರೆ, ಪದದಲ್ಲಿ ಎಡವಿದವನಿಗೆ ನಷ್ಟ. ಪರೀಕ್ಷೆ ಮುಗಿದಮೇಲೆ ಇಂಥ ದೋಷವನ್ನು ನ್ಯಾಯವಾಗಿ ಸರಿಪಡಿಸುವುದು ಬಹು ಕಷ್ಟ. ನಮ್ಮಲ್ಲಿಯೂ ಒಬ್ಬ ಅನುವಾದಕನು ‘ವೇಗೋತ್ಕರ್ಷ’ ಎಂದದ್ದನ್ನು ಇನ್ನೊಬ್ಬನು ‘ವೇಗವೃದ್ಧಿ’ ಎನ್ನಬಹುದು. ಭೌತವಿಜ್ಞಾನವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ ತನ್ನ ಪಾಠಪುಸ್ತಕದಲ್ಲಿ ಕಾಣದ ಪದದ ಮುಂದೆ ತಡವರಿಸಿದರೆ ಆಶ್ಚರ್ಯವೇನು?

ಇದನ್ನೆಲ್ಲ ಓದಿ ಪರೀಕ್ಷೆಗಳೇ ಬೇಡವೆಂದು ಯಾರೂ ಭಾವಿಸಬಾರದು. ಪರೀಕ್ಷೆಯಿಲ್ಲದ ಕಡೆ ಶಿಫಾರಸು ಆ ಸ್ಥಾನವನ್ನು ಆಕ್ರಮಿಸೀತು. ಅದರ ಪಕ್ಷಪಾತವನ್ನು ಲೆಕ್ಕಹಾಕುವ ಗಣಿತವಾದರೂ ಎಲ್ಲಿದೆ? ಬೇಕಾದದ್ದು ತಕ್ಕಡಿಯನ್ನು ಎಸೆಯುವುದಲ್ಲ, ಅದನ್ನು ಮೊದಲೇ ಮತ್ತೆಮತ್ತೆ ತನಿಖೆ ಮಾಡುವುದು. ನಾಳೆ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿಯುವ ವಿದ್ಯಾರ್ಥಿಯು ‘ನನಗೆ ಎಷ್ಟು ಬಂತು?’ ಎಂದು ಕೇಳುವುದರೊಡನೆ ‘ಇದು ಅಳೆದದ್ದು ಏನನ್ನು?’ ಎಂದೂ ಕೇಳಲಿ. ವಿಜ್ಞಾನವು ಆರಂಭವಾಗುವುದೇ ಅಂಥ ಪ್ರಶ್ನೆಗಳಿಂದ.