ಕೊಳದ ಮೀನಿಗೆ ಕಾಯಿಲೆಯೇ? ಮದ್ದಿಗೆ ಮೊದಲು ನೀರು ನೋಡಿ

ಕುಂದಾಪುರ: ಮುಂಗಾರು ಬಿರುಸುಗೊಳ್ಳುತ್ತಿದ್ದಂತೆ ಮನೆಯಂಗಳದ ಕೊಳಗಳಲ್ಲಿ ಕೋಯಿ, ಗೋಲ್ಡ್‌ಫಿಶ್‌ಗಳು ಸಾಯುವುದುಂಟು. ಸಾಕಿದವರು ಗಾಬರಿಗೊಂಡು ಅಂಗಡಿಯಿಂದ ಬಣ್ಣದ ಔಷಧ ತಂದು ಸುರಿಯುತ್ತಾರೆ; ಅಳಿದುಳಿದ ಮೀನುಗಳೂ ತೇಲತೊಡಗುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಕೊಳ ಇರಿಸಿಕೊಂಡವರು ಔಷಧದ ಬಾಟಲಿಗೆ ಮೊದಲು ನೀರನ್ನು ಪರೀಕ್ಷಿಸುವುದು ಒಳಿತು.

ಮುರಕಲ್ಲಿನ ನೆಲ, ಮೆದು ನೀರು

ಈ ಭಾಗದ ಮುರಕಲ್ಲಿನ ಮಣ್ಣು ಆಮ್ಲೀಯ. ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ಹೀಗಾಗಿ ಕೊಳದ ನೀರಿಗೆ ಆಮ್ಲೀಯತೆಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಈ ಮೀನುಗಳಿಗೆ ಹಿತವಾದ ಪಿಎಚ್ ಪ್ರಮಾಣ 6.5ರಿಂದ 8.5. ಜಡಿಮಳೆಗೆ ಅದು ಹಠಾತ್ತನೆ ಕುಸಿದರೆ ಮೀನಿನ ಮೈಯ ಲೋಳೆಯ ಕವಚ ಹಾಳಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ.

ಅಡಿಕೆ ತೋಟದ ಬದಿಯ ಕೊಳಕ್ಕೆ ಇನ್ನೊಂದು ಅಪಾಯವಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿನ ತಾಮ್ರ ಮೀನಿಗೆ ವಿಷ. ಮೆದುವಾದ ಆಮ್ಲೀಯ ನೀರಿನಲ್ಲಿ ಅದರ ತೀವ್ರತೆ ಮತ್ತಷ್ಟು ಹೆಚ್ಚು. ಬಾವಿಗೆ ಹಾಕಿದ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ.

ಲಕ್ಷಣಗಳೇನು?

ಮೀನುಗಳು ಒಮ್ಮೆಲೇ ಸತ್ತರೆ ನೀರಿನ ದೋಷ ಅಥವಾ ವಿಷವನ್ನು ಶಂಕಿಸಬೇಕು. ದಿನಕ್ಕೊಂದರಂತೆ ಸತ್ತರೆ ಸೋಂಕನ್ನು. ಮುಂಜಾನೆ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದು, ಬಿಸಿಲೇರಿದಾಗ ಚೇತರಿಸಿಕೊಂಡರೆ ಅದು ಆಮ್ಲಜನಕದ ಕೊರತೆ. ಮೈಮೇಲೆ ರವೆಯಂಥ ಬಿಳಿಚುಕ್ಕೆಗಳಿದ್ದರೆ ಇಕ್ ಎಂಬ ಪರೋಪಜೀವಿಯ ಬಾಧೆ. ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಚಪ್ಪಟೆಯಾದ ಮೀನುಹೇನು ಅಂಟಿದೆಯೇ ನೋಡಿ. ಗಾಯದ ಮೇಲೆ ಹತ್ತಿಯಂತೆ ಬೆಳೆಯುವುದು ಬೂಷ್ಟು.

ಆಳವಾದ ಕೆಂಪು ಹುಣ್ಣನ್ನು ಮಾತ್ರ ಹಗುರವಾಗಿ ಕಾಣಬಾರದು. 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡು ಬಳಿಕ ದೇಶದ ಇತರೆಡೆಗೂ ಹಬ್ಬಿದ ಹುಣ್ಣುರೋಗಕ್ಕೆ ಅಫನೋಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ ಕಾರಣ. ಗದ್ದೆ, ತೋಡುಗಳಲ್ಲಿ ಹಿಡಿದ ಮೀನುಗಳನ್ನು ಕೊಳಕ್ಕೆ ಬಿಡದಿರುವುದೇ ಇದಕ್ಕೆ ಮುನ್ನೆಚ್ಚರಿಕೆ.

ಚಿಕಿತ್ಸೆ ಹೇಗೆ?

ಮೊದಲು ಆಹಾರ ನಿಲ್ಲಿಸಿ. ಒಂದು ದಿನ ತೆರೆದಿಟ್ಟ ನೀರಿನಿಂದ ಕೊಳದ ಮೂರನೇ ಒಂದು ಭಾಗದ ನೀರನ್ನು ನಿಧಾನವಾಗಿ ಬದಲಾಯಿಸಿ, ಗಾಳಿಯಾಡಿಸುವ ಪಂಪ್ ನಡೆಸಿ. ರೋಗಪೀಡಿತ ಮೀನನ್ನು ಬೇರೆ ತೊಟ್ಟಿಗೆ ಸ್ಥಳಾಂತರಿಸಿ, ಲೀಟರಿಗೆ 3 ಗ್ರಾಂನಂತೆ ಕಲ್ಲುಪ್ಪನ್ನು ಒಂದು ದಿನದ ಅವಧಿಯಲ್ಲಿ ಕಂತುಕಂತಾಗಿ ಕರಗಿಸಿ. ಬಿಳಿಚುಕ್ಕೆ ರೋಗವಾದರೆ ಎಲ್ಲ ಮೀನುಗಳಿಗೂ ಚಿಕಿತ್ಸೆ ಅಗತ್ಯ. ಈ ಪರೋಪಜೀವಿ ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಸಾಯುವುದರಿಂದ ಚುಕ್ಕೆ ಮಾಯವಾದರೂ ಹತ್ತು ದಿನ ಚಿಕಿತ್ಸೆ ಮುಂದುವರಿಸಬೇಕು.

ನೀರುಕಾಗೆ, ಬೆಕ್ಕುಗಳಿಂದ ಗಾಯಗೊಂಡ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಗಾಯಕ್ಕೆ ಮಾತ್ರ ಪೊವಿಡೋನ್ ಅಯೋಡಿನ್ ಸವರಿ ಕೂಡಲೇ ನೀರಿಗೆ ಬಿಡಿ. ಕಿವಿರು, ಕಣ್ಣುಗಳಿಗೆ ಅದು ತಾಗಬಾರದು. ಹೇನುಗಳನ್ನು ಚಿಮಟಿಯಿಂದ ತೆಗೆಯಬಹುದು.

ಆಮ್ಲೀಯತೆ ತಗ್ಗಿಸಲೆಂದು ಮೀನಿರುವ ಕೊಳಕ್ಕೆ ಸುಟ್ಟ ಸುಣ್ಣ ಸುರಿಯಬೇಡಿ. ಪಿಎಚ್ ಒಮ್ಮೆಲೇ ಏರಿದರೆ ನೀರಿನಲ್ಲಿರುವ ಅಮೋನಿಯ ವಿಷವಾಗುತ್ತದೆ. ಅದರ ಬದಲು ಅಳಿವೆಯ ಚಿಪ್ಪುಗಳನ್ನು ತೊಳೆದು ಪುಡಿಮಾಡಿ, ಬಲೆಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿ ಇಡಿ. ಸುಣ್ಣದಂಶ ನಿಧಾನವಾಗಿ ಬೆರೆಯುತ್ತದೆ. ಮಲಾಕೈಟ್ ಗ್ರೀನ್ ಔಷಧವನ್ನು ತಿನ್ನುವ ಮೀನುಗಳಿಗೆ ಬಳಸುವಂತಿಲ್ಲ. ಕೊಳ ತುಂಬಿ ಬಾವಿ, ಗದ್ದೆಗಳತ್ತ ಹರಿಯುವಂತಿದ್ದರೆ ಅದರ ಗೋಜಿಗೇ ಹೋಗದಿರುವುದು ಲೇಸು.

ಸಾವು ನಿಲ್ಲದಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮೀನುಗಾರಿಕಾ ಇಲಾಖೆಯ ಕಚೇರಿ ಅಥವಾ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಜ್ಞರ ಸಲಹೆ ಪಡೆಯಬಹುದು. ಸತ್ತ ಮೀನು ಬೇಗನೆ ಕೊಳೆಯುವುದರಿಂದ ಅದರಿಂದ ರೋಗಪತ್ತೆ ಕಷ್ಟ. ಜೀವವಿರುವ ರೋಗಪೀಡಿತ ಮೀನನ್ನೂ, ಬೇರೊಂದು ಬಾಟಲಿಯಲ್ಲಿ ಕೊಳದ ನೀರನ್ನೂ ಒಯ್ಯಬೇಕು.