ಕವಾಟದ ಸಂದನ್ನು ಅಳೆಯುವ ಬಗೆ

ಫೋಕ್ಸ್‌ವ್ಯಾಗನ್ ಬೀಟಲ್ ಎಂಬ ದುಂಡು ಬೆನ್ನಿನ ಚಿಕ್ಕ ಕಾರಿನ ಚಿತ್ರವನ್ನಾದರೂ ನಮ್ಮ ಓದುಗರು ನೋಡಿರುವರಷ್ಟೆ. ಜರ್ಮನಿಯ ವೋಲ್ಫ್ಸ್‌ಬುರ್ಗ್ ನಗರದಿಂದ ಜಗತ್ತಿಗೆಲ್ಲ ಹರಡಿದ ಈ ಕಾರಿನ ತಯಾರಿಕೆ 2003ರ ಜುಲೈ 30ರಂದು ಮೆಕ್ಸಿಕೋ ದೇಶದ ಪುಯೆಬ್ಲಾದಲ್ಲಿ ನಿಂತಿತು. ಆ ವೇಳೆಗೆ 2 ಕೋಟಿ 15 ಲಕ್ಷಕ್ಕೂ ಮಿಕ್ಕ ಬೀಟಲುಗಳು ರಸ್ತೆಗೆ ಇಳಿದಿದ್ದುವು. ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಹಾಗೆ ಓಡಬೇಕಾದರೆ ಒಡೆಯನು ಸುಮಾರು 5000 ಕಿಲೋಮೀಟರಿಗೊಮ್ಮೆ ಕಾರಿನ ಕೆಳಗೆ ಮಲಗಿ ಎಂಟು ಸಂದುಗಳನ್ನು ಅಳೆಯಬೇಕು. ಹೆಚ್ಚಿನ ಬೀಟಲ್ ಎಂಜಿನುಗಳಲ್ಲಿ ಈ ಸಂದು 0.15 ಮಿಲಿಮೀಟರು; ನಾವು ಬರೆಯುವ ಕಾಗದದ ಒಂದೂವರೆ ಹಾಳೆಯ ದಪ್ಪ. ಇಷ್ಟು ಸೂಕ್ಷ್ಮವಾದುದನ್ನು ಅಳೆಯಲು ತಕ್ಕ ಉಪಕರಣ ಯಾವುದು?

ಸಂದು ಏತಕ್ಕಾಗಿ ಇದೆಯೆಂಬುದನ್ನು ಮೊದಲು ತಿಳಿಯೋಣ. ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು. ಒಂದೊಂದಕ್ಕೂ ಎರಡು ಕವಾಟಗಳು, ಎಂದರೆ ವಾಲ್ವುಗಳು: ಪೆಟ್ರೋಲಿನ ಮಿಶ್ರಣವನ್ನು ಒಳಬಿಡುವುದೊಂದು, ಉರಿದ ಅನಿಲವನ್ನು ಹೊರಬಿಡುವುದೊಂದು. ಮುಚ್ಚುವ ಕೆಲಸ ಸ್ಪ್ರಿಂಗಿನದು. ತೆರೆಯುವ ಕೆಲಸ ರಾಕರ್ ಎಂಬ ಸನ್ನೆಯದು. ಎಂಜಿನು ನಿಮಿಷಕ್ಕೆ 3600 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 30 ಸಲ ತೆರೆದು ಮುಚ್ಚುವುದು. ಕಾವೇರಿದಂತೆ ಬೇರೆ ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುವು. ಹಿಗ್ಗಿದರೂ ಕವಾಟವು ತನ್ನ ಪೀಠದ ಮೇಲೆ ಪೂರ್ತಿಯಾಗಿ ಕೂರುವಂತೆ, ರಾಕರಿನ ತುದಿಯ ತಿರುಪಿಗೂ ಕವಾಟದ ದಂಡಕ್ಕೂ ನಡುವೆ ಒಂದಿಷ್ಟು ಎಡೆ ಬಿಟ್ಟಿದೆ. ಆದುದರಿಂದಲೇ ಎಂಜಿನು ಪೂರ್ತಿ ತಣ್ಣಗಿರುವಾಗ ಅಳೆಯತಕ್ಕದ್ದು.

ಎಡೆ ಹೆಚ್ಚಾದರೆ ಟಕಟಕ ಸದ್ದು ಕೇಳಿಸುವುದು. ಎಂಜಿನಿನ ಬಲವೂ ಸ್ವಲ್ಪ ಕುಂದುವುದು. ಕಡಮೆಯಾದರೆ ಸದ್ದೇ ಇಲ್ಲ. ಅಪಾಯವಿರುವುದು ಈ ಮೌನದಲ್ಲಿ. ಹೊರಬಿಡುವ ಕವಾಟಕ್ಕೆ ತಗುಲಿದ ಶಾಖದ ಹೆಚ್ಚಿನ ಭಾಗವು, ಕವಾಟ ಮುಚ್ಚಿರುವ ಅಲ್ಪ ಕಾಲದಲ್ಲಿ, ಪೀಠದ ಮೂಲಕವೇ ಹರಿದುಹೋಗಬೇಕು. ಮುಚ್ಚುವುದು ಅರೆಬರೆಯಾದರೆ ಶಾಖಕ್ಕೆ ದಾರಿಯಿಲ್ಲ. ಬೆಂಕಿಯಂಥ ಅನಿಲ ಅಂಚಿನಿಂದ ನುಗ್ಗುತ್ತ ಲೋಹವನ್ನೇ ತಿನ್ನುವುದು. ಬೀಟಲಿನಲ್ಲಿ ಈ ಕಷ್ಟಕ್ಕೆ ಹೆಸರಾದುದು ಮೂರನೆಯ ಸಿಲಿಂಡರು. ಹಳೆಯ ಮಾದರಿಗಳಲ್ಲಿ ಎಣ್ಣೆಯನ್ನು ತಣಿಸುವ ಕೂಲರು ಆ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲಿಯೇ ನಿಂತಿದ್ದಿತು. 1971ರ ಮಾದರಿಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿದರು. ಅತಿಯಾಗಿ ಕಾದ ಕವಾಟದ ದಂಡ ಎಳೆದಂತೆ ಉದ್ದವಾಗಿ, ಒಂದು ದಿನ ತಲೆ ಕಳಚಿ ಪಿಸ್ಟನ್ನಿನ ಮೇಲೆ ಬಿದ್ದರೆ ಎಂಜಿನಿನ ಕಥೆ ಮುಗಿಯಿತು. ಹಾಗೆ ಉದ್ದವಾಗುತ್ತಿರುವಾಗ ಹೊರಗೆ ತಿಳಿಯುವ ಸುಳಿವು ಒಂದೇ: ಸಂದು ಸಲಸಲಕ್ಕೂ ಕಿರಿದಾಗುತ್ತಿರುವುದು. ಆದ್ದರಿಂದ ಇಂದು ಅಳೆದದ್ದನ್ನೂ ಮೂರು ತಿಂಗಳ ಹಿಂದೆ ಅಳೆದದ್ದನ್ನೂ ಹೋಲಿಸಬಲ್ಲ ಉಪಕರಣ ನಮಗೆ ಬೇಕು.

ಎಲ್ಲರೂ ಬಲ್ಲ ಉಪಕರಣವೆಂದರೆ ಫೀಲರ್ ಗೇಜು. ಬೇರೆ ಬೇರೆ ದಪ್ಪದ ಉಕ್ಕಿನ ಪಟ್ಟಿಗಳನ್ನು ಬೀಸಣಿಗೆಯಂತೆ ಪೋಣಿಸಿದ ಕಟ್ಟು ಅದು. ಇಪ್ಪತ್ತು ಪಟ್ಟಿಗಳಿರುವ ಕಟ್ಟೇ ಶ್ರೇಷ್ಠವೆಂದು ಅಂಗಡಿಯಲ್ಲಿ ತೋರಬಹುದು. ಈ ಕೆಲಸಕ್ಕೆ ಬೇಕಾದುವು ಮೂರು: 0.10, 0.15 ಮತ್ತು 0.20 ಮಿಲಿಮೀಟರಿನವು. ಅವು ಕಿರಿದಾಗಿ, ತುದಿಯಲ್ಲಿ ತುಸು ಬಾಗಿದ್ದರೆ ಇಕ್ಕಟ್ಟಿನಲ್ಲಿ ಕೈಯಾಡಿಸಲು ಅನುಕೂಲ. 0.15ರ ಪಟ್ಟಿ ಎಣ್ಣೆಯಲ್ಲಿ ಎಳೆದಂತೆ ನವುರಾದ ತಡೆಯೊಡನೆ ಜಾರಬೇಕು, 0.20ರದು ಒಳಹೋಗಲೇಬಾರದು. ‘ನವುರಾದ ತಡೆ’ ಎಂಬುದು ಒಬ್ಬೊಬ್ಬರ ಬೆರಳಿಗೆ ಒಂದೊಂದು ಬಗೆ. ಹೋಗುವ ಪಟ್ಟಿ, ಹೋಗದ ಪಟ್ಟಿ ಎಂದು ಎರಡನ್ನು ಹಿಡಿದರೆ ಈ ತಕರಾರು ಬಹುಮಟ್ಟಿಗೆ ತೀರುವುದು.

ತೀರದ ತಕರಾರು ಇನ್ನೊಂದುಂಟು. ಲಕ್ಷಾಂತರ ಸಲ ಬಡಿದು ಬಡಿದು ತಿರುಪಿನ ತುದಿಯಲ್ಲಿ ಸಣ್ಣ ತಗ್ಗು ಬೀಳುವುದು. ಚಪ್ಪಟೆ ಪಟ್ಟಿಯು ಹಳ್ಳದ ಮೇಲೆ ಹಲಗೆ ಹಾಸಿದಂತೆ ತಗ್ಗಿನ ಎರಡು ದಡಗಳ ಮೇಲೆ ನಿಲ್ಲುವುದು. ತಗ್ಗಿನ ಆಳ 0.05 ಮಿಲಿಮೀಟರು ಇದ್ದರೆ ಗೇಜು 0.15 ಎಂದಾಗ ನಿಜವಾದ ಸಂದು 0.20 ಆಗಿರುವುದು.

ಇದಕ್ಕೆ ಕೆಲವರು ಗೇಜನ್ನೇ ಬಿಟ್ಟು ತಿರುಪಿನ ಎಳೆಯನ್ನು ಅಳತೆಗೋಲಾಗಿ ಮಾಡಿಕೊಂಡಿದ್ದಾರೆ. ಬೀಟಲಿನ ಈ ತಿರುಪು ಒಂದು ಸುತ್ತಿಗೆ 1 ಮಿಲಿಮೀಟರು ಸರಿಯುವುದು. ಸಂದು ಪೂರ್ತಿ ಮುಚ್ಚುವವರೆಗೆ ತಿರುಗಿಸಿ, ಅನಂತರ ಸುತ್ತಿನ 0.15 ಪಾಲು, ಅಂದರೆ 54 ಡಿಗ್ರಿ, ಹಿಂದಕ್ಕೆ ತಿರುಗಿಸಿದರೆ ಬೇಕಾದ ಸಂದು ಸಿದ್ಧ. ತರಗತಿಯ ಗಣಿತ ಗ್ಯಾರೇಜಿನಲ್ಲಿ ಫಲ ಕೊಡುವ ಇಂಥ ಸಂದರ್ಭ ನಮಗೆ ಮೆಚ್ಚಿಗೆ. ಆದರೂ ತಗ್ಗು ತಿರುಪಿನ ನಡುವಿನಲ್ಲಿಲ್ಲದೆ ಓರೆಯಾಗಿದ್ದರೆ, ತಿರುಪಿನೊಡನೆ ಅದೂ ತಿರುಗಿ ಲೆಕ್ಕ ತಪ್ಪುವುದು. ರಾಕರನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಅದರ ಚಲನೆಯನ್ನೇ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು ಮೋಸಹೋಗದು. ಆದರೆ ಬೆಲೆ ಹೆಚ್ಚು, ಕಾರಿನಡಿ ಅದನ್ನು ಅಲುಗದಂತೆ ನಿಲ್ಲಿಸುವುದೂ ಸುಲಭವಲ್ಲ. ನಮ್ಮ ಮತದಲ್ಲಿ, ತಗ್ಗು ಬಿದ್ದ ತಿರುಪುಗಳನ್ನು ತೆಗೆದು ಹೊಸವನ್ನು ಹಾಕುವುದೇ ಮೇಲು. ಅವು ಅಗ್ಗವಾದುವು, ಹಾಕಿದ ಮೇಲೆ ಸಾಮಾನ್ಯ ಪಟ್ಟಿಯೇ ಸತ್ಯ ನುಡಿಯುವುದು.

ಉಳಿದ ಸಲಕರಣೆಗಳು ಕೆಲವೇ. ತಿರುಪನ್ನು ಬಿಗಿದಿರುವ ನಟ್ಟಿಗೆ ರಿಂಗ್ ಸ್ಪ್ಯಾನರು ಬೇಕು. ಸಾಮಾನ್ಯವಾಗಿ 13 ಮಿಲಿಮೀಟರಿನದು. ಬಾಯಿ ತೆರೆದ ಸ್ಪ್ಯಾನರು ಜಾರಿ ನಟ್ಟಿನ ಮೂಲೆಗಳನ್ನು ಸವೆಸುವುದು. ಸ್ಕ್ರೂಡ್ರೈವರಿನ ಅಲಗು ತಿರುಪಿನ ಗಾಡಿಯನ್ನು ಪೂರ್ತಿ ತುಂಬಬೇಕು, ಏಕೆಂದರೆ ನಟ್ಟನ್ನು ಬಿಗಿಯುವಾಗ ತಿರುಪೂ ಜೊತೆಗೆ ತಿರುಗಲೆಳಸುವುದು. ಅದನ್ನು ಅಲ್ಲೇ ಹಿಡಿದಿರಬೇಕು. ಸ್ಪ್ಯಾನರಿನ ನಡುವೆ ಸ್ಕ್ರೂಡ್ರೈವರು ಹಾಯುವ ಜೋಡಿ ಉಪಕರಣವೂ ದೊರೆಯುವುದು; ಕೈಗಳಿಗೆ ಎಡೆಯಿಲ್ಲದ ಕಡೆ ಅದು ಉಪಕಾರಿ. ಯಾವುದನ್ನು ಬಳಸಿದರೂ ನಟ್ಟು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು, ಎಳೆಗಳ ಸಡಿಲ ಹೋಗಿ ಸಂದು ಬದಲಾಗಿರುವುದುಂಟು. ಎಂಜಿನನ್ನು ಕೈಯಿಂದ ತಿರುಗಿಸಲು ಜನರೇಟರಿನ ಕಪ್ಪಿಯ ನಟ್ಟಿಗೆ 21 ಮಿಲಿಮೀಟರಿನ ಸ್ಪ್ಯಾನರು ಸಾಕು. ಅಳೆಯುವ ಸಿಲಿಂಡರಿನ ಎರಡು ಕವಾಟಗಳೂ ಮುಚ್ಚಿರುವ ಸ್ಥಿತಿಗೆ ಹೀಗೆ ತರಬೇಕು.

ಇವುಗಳ ಜೊತೆಗೆ ಒಂದು ಪೆನ್ಸಿಲು, ಒಂದು ಪುಸ್ತಕ. ತಿರುಪನ್ನು ಮುಟ್ಟುವ ಮೊದಲೇ ಎಂಟು ಸಂದುಗಳೂ ಎಷ್ಟೆಷ್ಟಿದ್ದುವೆಂದು ತಾರೀಖಿನೊಡನೆ ಬರೆದಿಡಬೇಕು. ಮೂರನೆಯ ಸಿಲಿಂಡರಿನ ಹೊರಬಿಡುವ ಕವಾಟ ಈ ಸಲವೂ ಬಿಗಿ, ಹಿಂದಿನ ಸಲವೂ ಬಿಗಿ ಎಂದು ಪುಸ್ತಕ ಹೇಳಿದರೆ, ತಿರುಪನ್ನು ಮತ್ತೆ ಸಡಿಲಿಸಿ ದೂರ ಪ್ರಯಾಣ ಹೊರಡಬಾರದು. ಎಂಜಿನನ್ನು ಬಿಚ್ಚಿಸಿ ಆ ಕವಾಟವನ್ನು ಬದಲಿಸಬೇಕು.